ಅಕ್ಕನ ಹನ್ನೆರಡು ವಚನ, ಮೂವತ್ತು ಪ್ರತಿ, ಒಂದು ಅರ್ಕಾವತ್ತು

ದೀಪಾವಳಿಗೆ ಕೈ ಹಾಕಿದ ಕೆಲಸ ಯುಗಾದಿಗೆ ಮುಗಿಯಿತು. ಅಕ್ಕಮಹಾದೇವಿಯ ಹನ್ನೆರಡು ವಚನಗಳನ್ನು ಸೀಸದ ಅಚ್ಚುಮೊಳೆಯಲ್ಲಿ ಜೋಡಿಸಿ, ಕಾಲಲ್ಲಿ ತುಳಿಯುವ ಟ್ರೆಡಲ್‌ನಲ್ಲಿ ಅಚ್ಚು ಹಾಕಿ, ಒಂದೊಂದು ವಚನದ ಜೊತೆಗೂ ನಾನೇ ತೆಗೆದ ಒಂದು ಫೋಟೋವನ್ನು ಬಿಸಿಲಲ್ಲಿ ಸಯನೋಟೈಪ್ (ಬೆಳಕು ಬಿದ್ದ ಕಡೆ ನೀಲಿಯಾಗುವ ಫೋಟೋ ಪ್ರಿಂಟು) ಮಾಡಿ, ಕೈಯಲ್ಲಿ ಹೊಲಿದ ಪುಸ್ತಕ ಇದು. ಮೂವತ್ತು ಪ್ರತಿ, ಅಷ್ಟೇ. ಯಾಕೆ ಮೂವತ್ತು ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಒಂದು ಹೆಚ್ಚಾಗಿದ್ದರೂ ನನ್ನ ಸೊಂಟ ಕೇಳುತ್ತಿರಲಿಲ್ಲ.

ಏನೇನು ಕೆಟ್ಟಿತು, ಹೇಗೆ ಸರಿಹೋಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಇಂಥದ್ದಕ್ಕೆ ಕೈ ಹಾಕುವವರು ಇನ್ನಾರಾದರೂ ಇದ್ದರೆ ಅವರ ಒಂದು ತಿಂಗಳಾದರೂ ಉಳಿದೀತು.

ಅಚ್ಚುಕೂಟ ಇರುವುದು ಮೈಸೂರಿನ ಹಳೇ ಬೀದಿಯೊಂದರಲ್ಲಿ. ಮದುವೆ ಪತ್ರಿಕೆ, ಬಿಲ್ ಬುಕ್ಕು ಎಲ್ಲ ಈಗ ಆಫ್‌ಸೆಟ್ಟಿಗೆ ಹೋಗಿವೆ. ಟ್ರೆಡಲ್ ಮೂಲೆಯಲ್ಲಿ ನಿಂತು ರಸೀದಿಗೆ ನಂಬರ್ ಹಾಕುವುದು, ರಟ್ಟಿಗೆ ಗೆರೆ ಒತ್ತುವುದು ಇಷ್ಟಕ್ಕೇ ಆಗಿತ್ತು. ಕನ್ನಡ ಮೊಳೆಯ ಕೇಸುಗಳು, ಅಂದರೆ ಅಕ್ಷರಕ್ಕೊಂದು ಖಾನೆಯಿರುವ ಪೆಟ್ಟಿಗೆಗಳು, ಮಾತ್ರ ಮಾರಾಟವಾಗದೆ ಉಳಿದಿದ್ದವು. ಸೀಸದ ಬೆಲೆಗೆ ತೂಕಕ್ಕೆ ಹಾಕಲು ಮಾಲೀಕರಿಗೆ ಮನಸ್ಸು ಬಂದಿರಲಿಲ್ಲ. ಅಲ್ಲಿ ಮೊಳೆ ಜೋಡಿಸುವ ಕಂಪೋಸಿಟರ್ ಆಗಿದ್ದು ನಿವೃತ್ತರಾದ ಒಬ್ಬ ತಾತ ವಾರಕ್ಕೆ ಮೂರು ದಿನ ಬಂದು ನನಗೆ ಕಲಿಸಲು ಒಪ್ಪಿದರು. ಮೊದಲ ದಿನ ನಾನು ನಿಂತೇ ಮಾತಾಡುತ್ತಿದ್ದೆ. "ಅಕ್ಕನ್ನ ಮೊಳೇಲಿ ಕೂರಿಸ್ಬೇಕು ಅಂತೀಯ, ಮೊದ್ಲು ನೀನು ಕೂತ್ಕೊಳ್ಳಮ್ಮ" ಅಂದರು.

ಕೈಯಲ್ಲಿ ಹಿಡಿಯುವ ಸ್ಟಿಕ್ಕು ಅನ್ನುವ ಪಟ್ಟಿಯಲ್ಲಿ ಮೊಳೆ ಜೋಡಿಸುವುದು ಎಡದಿಂದ ಬಲಕ್ಕೇ. ಆದರೆ ಅಕ್ಷರ ತಲೆಕೆಳಗಾಗಿ ನಿಲ್ಲುತ್ತದೆ. ಮೊಳೆಯ ಮೈಮೇಲೆ ಒಂದು ಗೀರು ಇರುತ್ತದೆ. ಅದು ಹೆಬ್ಬೆರಳಿಗೆ ಸಿಕ್ಕಿದರೆ ಮೊಳೆ ಸರಿಯಾಗಿ ನಿಂತಿದೆ ಅಂತ. ಕಣ್ಣಿಗಿಂತ ಮೊದಲು ಬೆರಳು ಓದಬೇಕು. ಇಂಗ್ಲಿಷಿನವರು ಇಪ್ಪತ್ತಾರು ಅಕ್ಷರ ಇಟ್ಟುಕೊಂಡು ಆರಾಮಾಗಿದ್ದಾರೆ. ನಮಗೆ ಕಾಗುಣಿತ, ಒತ್ತು, ಅರ್ಕಾವತ್ತು ಎಲ್ಲ ಸೇರಿ ನಾಲ್ಕು ಕೇಸು ಎದುರಿಗೆ ಬೇಕಾಯಿತು. ನನಗೆ ಸಿಕ್ಕಿದ 16 ಪಾಯಿಂಟ್ ಮೊಳೆಯಲ್ಲಿ ಒತ್ತು ಅಕ್ಷರದ ನೆತ್ತಿಗೆ ಸರಿಯಾಗಿ ಕೆಳಗೆ ಬರುವುದಿಲ್ಲ, ಬಲಕ್ಕೆ ಸರಿದು ಕೂರುತ್ತದೆ. ಮೊದಲು ಇದು ಕುಂದು ಅಂದುಕೊಂಡಿದ್ದೆ. ಹದಿನೈದು ದಿನ ನೋಡುತ್ತ ನೋಡುತ್ತ, ಕಂಪ್ಯೂಟರಿನ ಫಾಂಟುಗಳೇ ಉಸಿರು ಬಿಗಿಹಿಡಿದು ನಿಂತ ಹಾಗೆ ಕಾಣತೊಡಗಿದವು.

ಅಕ್ಕನ ಒಂದೊಂದು ವಚನವೂ ಅಂಕಿತಕ್ಕೆ ಬಂದು ಸೇರುತ್ತದಲ್ಲ, ಅದು ಕಂಪೋಸಿಟರಿಗೆ ಎಷ್ಟು ದೊಡ್ಡ ಉಪಕಾರ ಅಂತ ಓದುವಾಗ ಹೊಳೆದಿರಲಿಲ್ಲ. ಚೆನ್ನಮಲ್ಲಿಕಾರ್ಜುನ ಅನ್ನುವುದಕ್ಕೆ ಹತ್ತು ಮೊಳೆ: ಚೆ, ನ, ನ ಒತ್ತು, ಮ, ಲಿ, ಲ ಒತ್ತು, ಕಾ, ಜು, ಅರ್ಕಾವತ್ತು, ನ. ಮೊದಲ ವಚನದ ಅಚ್ಚು ಮುಗಿದ ಮೇಲೆ ನಾನು ಎಲ್ಲವನ್ನೂ ಬಿಚ್ಚಿ ಕೇಸಿಗೆ ಹಾಕಲು ಹೊರಟಾಗ ತಾತ ಕೈ ಹಿಡಿದರು. "ಇದನ್ನ್ಯಾಕೆ ಬಿಚ್ತೀಯಮ್ಮ? ನಾಳೇನೂ ಇವನೇ ಬರ್ತಾನೆ." ಆ ಹತ್ತು ಮೊಳೆಗೆ ದಾರ ಸುತ್ತಿ ಪಕ್ಕಕ್ಕಿಟ್ಟೆವು. ಮುಂದಿನ ವಚನಕ್ಕೆ ಹಾಗೇ ಎತ್ತಿ ಕೂರಿಸಿ ಅದರ ಮುಂದೆ "ಯ್ಯಾ" ಅಥವಾ "ದೇವ ಕೇಳಯ್ಯಾ" ಜೋಡಿಸಿದರೆ ಆಯಿತು. ದೀರ್ಘ ಬಂದು "ಜುನಾ" ಆದಾಗ ಮಾತ್ರ ಕೊನೆಯ ನ ಒಂದನ್ನು ಬದಲಾಯಿಸಬೇಕು. ಹೀಗೆ ಹನ್ನೆರಡು ವಚನಕ್ಕೂ ಅದೇ ಒಂಬತ್ತು ಮೊಳೆ ದುಡಿದವು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರಬೇಕಿದೆ.

ಪಾಠ ಯಾವುದು ಅನ್ನುವುದು ಇನ್ನೊಂದು ತಗಾದೆ. ಒಂದು ಆವೃತ್ತಿಯಲ್ಲಿ "ಅಂಜಿದಡೆಂತಯ್ಯಾ", ಇನ್ನೊಂದರಲ್ಲಿ "ಅಂಜಿದೊಡೆಂತಯ್ಯಾ". ಎಂ. ಎಂ. ಕಲಬುರ್ಗಿ ಪ್ರಧಾನ ಸಂಪಾದಕರಾಗಿ ಸರ್ಕಾರ 1993ರಲ್ಲಿ ತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟವನ್ನು ಎದುರಿಗಿಟ್ಟುಕೊಂಡು ಎಲ್ಲ ವಚನಕ್ಕೂ ಒಂದೇ ಪದ್ಧತಿ ಇಟ್ಟುಕೊಂಡೆ. ಆದರೆ ಸಾಲು ಎಲ್ಲಿ ಮುರಿಯಬೇಕು? ತಾಳೆಗರಿಯಲ್ಲಿ ವಚನಗಳಿಗೆ ಸಾಲು ಅಂತ ಇಲ್ಲ, ಗರಿ ಮುಗಿಯುವವರೆಗೆ ಒಂದೇ ಸಮ ಬರೆದುಕೊಂಡು ಹೋಗಿರುತ್ತಾರೆ. ಈಗ ನಾವು ಓದುವ ಸಾಲುಗಳೆಲ್ಲ ಸಂಪಾದಕರು ಮುರಿದವು. ನನ್ನ ಸಾಲಿನ ಅಗಲ 24 ಎಂ, ಅಂದರೆ ಹತ್ತಿರ ಹತ್ತಿರ 4 ಇಂಚು. "ಹಸಿವಾದಡೆ ಭಿಕ್ಷಾನ್ನಗಳುಂಟು" ಅನ್ನುವಲ್ಲಿ ಒಂದೊಂದು "ಉಂಟು"ವಿಗೂ ಒಂದೊಂದು ಸಾಲು ಕೊಟ್ಟೆ. ಭಿಕ್ಷೆ, ಕೆರೆ ಬಾವಿ, ಪಾಳುದೇಗುಲ, ಕೊನೆಗೆ "ನೀನೆನಗುಂಟು". ಒಂದರ ಕೆಳಗೊಂದು ಬಂದಾಗ ಅವಳ ಗಂಟುಮೂಟೆಯ ಲೆಕ್ಕ ಎಷ್ಟು ಚಿಕ್ಕದು ಅಂತ ಕಣ್ಣಿಗೇ ಕಾಣುತ್ತದೆ. ಅಂಕಿತ ಮಾತ್ರ ಎಲ್ಲ ಕಡೆಯೂ ಹೊಸ ಸಾಲಿನಿಂದಲೇ ಶುರು. ದಾರ ಸುತ್ತಿಟ್ಟ ಮೊಳೆಗೂ ಅದೇ ಅನುಕೂಲ.

ಈಗ ಚಿತ್ರದ ವಿಚಾರ. ಫೋಟೋಗಳನ್ನು ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿಸಿ ಅಂಟಿಸಿಬಿಡು ಅಂತ ಗೆಳೆಯರು ಹೇಳಿದ್ದರು. ಆಗ ನನಗೆ ನೆನಪಾಗಿದ್ದು ಇಂಗ್ಲೆಂಡಿನ ಫೋಟೋಗ್ರಾಫರ್ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. 1874ರಲ್ಲಿ ಕವಿ ಟೆನಿಸನ್ ತನ್ನ ಕಾವ್ಯಕ್ಕೆ ಫೋಟೋ ತೆಗೆದುಕೊಡು ಅಂತ ಈಕೆಯನ್ನು ಕೇಳಿದ. ಬಟ್ಟೆ ತೊಡಿಸಿ, ವೇಷ ಕಟ್ಟಿಸಿ, ದೊಡ್ಡ ದೊಡ್ಡ ಗಾಜಿನ ಪ್ಲೇಟಿನಲ್ಲಿ ಫೋಟೋ ತೆಗೆದಳು. ಪುಸ್ತಕ ಬಂದಾಗ ಅವು ಮರದಚ್ಚಿನ ಪುಟ್ಟ ಚಿತ್ರಗಳಾಗಿದ್ದವು. ಆಕೆ ಸುಮ್ಮನಿರಲಿಲ್ಲ. ಅಸಲು ಫೋಟೋ ಪ್ರಿಂಟುಗಳನ್ನೇ ಅಂಟಿಸಿ, ಕವಿತೆಯ ಸಾಲುಗಳನ್ನು ತನ್ನ ಕೈಬರಹದಲ್ಲೇ ಕಲ್ಲಚ್ಚು ಮಾಡಿಸಿ, ದೊಡ್ಡ ಆಕಾರದ ಪುಸ್ತಕವನ್ನು ತಾನೇ ಹೊರತಂದಳು. ಅವಳ ವೇಷದ ಫೋಟೋಗಳು ನನಗೆ ಅಷ್ಟಕ್ಕಷ್ಟೆ, ನಾಟಕದ ಕಂಪನಿಯ ಹಾಗೆ ಕಾಣುತ್ತವೆ. ಆದರೆ ಆ ಹಟ ಇಷ್ಟ. ಪುಸ್ತಕದಲ್ಲಿ ಚಿತ್ರದ ನಕಲು ಇರಬಾರದು, ಚಿತ್ರವೇ ಇರಬೇಕು.

ಸಯನೋಟೈಪಿಗೆ ಡಾರ್ಕ್‌ರೂಮ್ ಬೇಡ, ಬೆಳ್ಳಿಯ ಖರ್ಚಿಲ್ಲ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದದ್ದು. ಮಾರನೇ ವರ್ಷವೇ ಅಲ್ಲಿನ ಸಸ್ಯಶಾಸ್ತ್ರಜ್ಞೆ ಅನ್ನಾ ಆಟ್ಕಿನ್ಸ್ ಇದರಲ್ಲಿ ಕಡಲಪಾಚಿಗಳ ಪುಸ್ತಕ ಶುರು ಮಾಡಿದಳು. ಅದರ ಬರಹವೂ ಕೈಬರಹವೇ, ಅದೂ ನೀಲಿ. ಅದೇ 1843ರಲ್ಲಿ ಮಂಗಳೂರಿನಲ್ಲಿ ಜರ್ಮನ್ ಪಾದ್ರಿ ಮೋಗ್ಲಿಂಗ್ ಮಂಗಳೂರ ಸಮಾಚಾರ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ತರುತ್ತಿದ್ದ. ಒಂದೇ ವರ್ಷ, ಅಲ್ಲೂ ಇಲ್ಲೂ ಮೊಳೆಯಿಲ್ಲದ ಪುಸ್ತಕ ಪತ್ರಿಕೆ. ಇದರಿಂದ ಏನೂ ಸಿದ್ಧವಾಗುವುದಿಲ್ಲ, ನನಗೆ ಖುಷಿಯಾಯಿತು ಅಷ್ಟೇ.

ಮಿಶ್ರಣ ಹೀಗೆ: 100 ಮಿಲಿ ನೀರಿಗೆ 25 ಗ್ರಾಂ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ ಒಂದು ಬಾಟಲಿ. ಇನ್ನೊಂದು 100 ಮಿಲಿಗೆ 10 ಗ್ರಾಂ ಪೊಟ್ಯಾಷಿಯಂ ಫೆರಿಸಯನೈಡ್ ಇನ್ನೊಂದು ಬಾಟಲಿ. ಬಳಿಯುವ ಮುಂಚೆ ಎರಡನ್ನೂ ಸಮ ಸಮ ಬೆರೆಸುವುದು. ಹೆಸರಿನಲ್ಲಿ ಸಯನೈಡ್ ಇದೆ ಅಂತ ಅಮ್ಮ ಬಾಟಲಿಯನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡಲಿಲ್ಲ. ಸರಿಯಾಗಿಯೇ ಮಾಡಿದರು. ತೀಕ್ಷ್ಣ ಆಸಿಡ್ ತಾಗದ ಹಾಗೆ ನೋಡಿಕೊಂಡರೆ ಅದು ಅಷ್ಟೇನೂ ಅಪಾಯದ್ದಲ್ಲ, ಆದರೂ ಊಟದ ಪಾತ್ರೆಯ ಹತ್ತಿರ ಅದಕ್ಕೇನು ಕೆಲಸ? ಹಳದಿ ಬಲ್ಬಿನ ಬೆಳಕಲ್ಲಿ ಬಳಿದು ಒಣಗಿಸಬೇಕು. ನೆಗೆಟಿವನ್ನು ಪಾರದರ್ಶಕ ಹಾಳೆಯ ಮೇಲೆ ಇಂಕ್‌ಜೆಟ್ಟಿನಲ್ಲಿ ತೆಗೆದೆ. ಇಲ್ಲಿ ದೊಡ್ಡದು ಮಾಡುವ ಮಾತಿಲ್ಲ, ಚಿತ್ರ 13×18 ಸೆಂ.ಮೀ. ಅಂದರೆ ನೆಗೆಟಿವೂ ಅಷ್ಟೇ.

ಮೊದಲ ಎಂಟು ಹಾಳೆಗಳಲ್ಲಿ ಆಕಾಶದ ತುಂಬ ನೀಲಿ ಚುಕ್ಕೆ. ಧೂಳು ಅಂದುಕೊಂಡು ಕೋಣೆಯನ್ನು ಎರಡು ಸಲ ಒರೆಸಿದೆ. ಕೊನೆಗೆ ನೋಡಿದರೆ ಬ್ರಷ್ಷಿನ ಕತ್ತಿನ ಕಬ್ಬಿಣದ ಪಟ್ಟಿ. ದ್ರಾವಣ ಅದಕ್ಕೆ ತಾಗಿ ಅಲ್ಲೇ ನೀಲಿ ಹುಟ್ಟಿ ಕಾಗದಕ್ಕೆ ಉದುರುತ್ತಿತ್ತು. ಲೋಹವೇ ಇಲ್ಲದ ಸ್ಪಂಜಿನ ಬ್ರಷ್ ತಂದೆ, ನಿಂತುಹೋಯಿತು.

ದೊಡ್ಡ ಪೆಟ್ಟು ಬಿದ್ದದ್ದು ನೀರಿನಿಂದ. ಮೊದಲ ಚಿತ್ರದ 38 ಹಾಳೆಗಳನ್ನು ಬಿಸಿಲಿಗಿಟ್ಟು ತೆಗೆದಾಗ ಬಣ್ಣ ಚೆನ್ನಾಗಿಯೇ ಇತ್ತು. ನೆರಳಿನ ಭಾಗ ಕಂಚಿನ ಹಾಗೆ ಬೂದಿಗೆ ತಿರುಗಿದಾಗ ತೆಗೆಯಬೇಕು, ತೆಗೆದಿದ್ದೆ. ಮನೆಯ ಹಿಂದಿನ ಕೊಳಾಯಿಯಲ್ಲಿ ಟಬ್ ತುಂಬಿಸಿ ಇಪ್ಪತ್ತು ನಿಮಿಷ ತೊಳೆದೆ. ಹಳದಿ ಇಳಿಯಿತು, ನೀಲಿ ಎದ್ದಿತು. ಇನ್ನಷ್ಟು ಚೊಕ್ಕವಾಗಲಿ ಅಂತ ಆಸೆಗೆ ಬಿದ್ದು ರಾತ್ರಿಯೆಲ್ಲ ನೀರಲ್ಲೇ ಬಿಟ್ಟೆ. ಬೆಳಿಗ್ಗೆ ನೋಡಿದರೆ ಅಂಚುಗಳೆಲ್ಲ ಸವೆದ ಜೀನ್ಸ್ ಪ್ಯಾಂಟಿನ ಹಾಗೆ. ನಡುಬಣ್ಣಗಳು ಹೋಗಿ ಅಲ್ಲಿ ತುಕ್ಕಿನ ಹಳದಿ ಛಾಯೆ.

ಆ ಕೊಳಾಯಿ ಬೋರ್‌ವೆಲ್‌ನದು. ಅದೇ ನೀರು ಕಾಯಿಸುವ ಹಂಡೆಯ ಒಳಗೆ ಬೆರಳು ದಪ್ಪ ಸುಣ್ಣ ಕಟ್ಟಿರುವುದನ್ನು ದಿನಾ ನೋಡುತ್ತಿದ್ದೇನೆ, ಆದರೆ ತಲೆಗೆ ಹೋಗಲಿಲ್ಲ. ಸುಣ್ಣ ಕಟ್ಟುವ ಇಂಥ ನೀರಲ್ಲಿ ಕ್ಷಾರ ಇರುತ್ತದೆ, ಸಯನೋಟೈಪಿನ ಪ್ರಷ್ಯನ್ ನೀಲಿಗೆ ಕ್ಷಾರ ಆಗದು. ಕ್ಷಾರ ಸೇರಿದರೆ ನೀಲಿ ಒಡೆದು ಕಬ್ಬಿಣದ ತುಕ್ಕಿನಂಥ ಬಣ್ಣ ಉಳಿಯುತ್ತದೆ. ಬಟ್ಟೆ ಸೋಡಾದ ನೀರಿಗೆ ಅದ್ದಿದರೆ ಕಣ್ಣೆದುರೇ ನೀಲಿ ಹೋಗುತ್ತದೆ, ಬೇಕಾದರೆ ಮಾಡಿ ನೋಡಿ. ಆಮೇಲಿಂದ ಬೆಳಗಿನ ಹೊತ್ತು ಬರುವ ಕಾವೇರಿ ನೀರನ್ನು ಡ್ರಮ್ಮಿಗೆ ಹಿಡಿದಿಟ್ಟು, ಬಕೆಟ್ಟಿಗೆ ಒಂದು ಚಿಟಿಕೆ ನಿಂಬೆಉಪ್ಪು ಹಾಕಿ, ಗಡಿಯಾರ ನೋಡಿಕೊಂಡು ತೊಳೆದೆ. ಆ 38 ಹಾಳೆ ಹೋಯಿತು. ಈಗ ಅವು ನನ್ನ ತಂಗಿಯ ಮಗನ ಪಟ್ಟಿ ಪುಸ್ತಕಗಳ ಹೊದಿಕೆ.

ಕಾಗದದ ಕಥೆಯೂ ಇದೇ. ಹತ್ತಿ ಚಿಂದಿಯ ಕೈಕಾಗದ ತರಿಸಿದ್ದೆ. ಬಾಳಿಕೆ ಬರಲಿ ಅಂತ ಅದಕ್ಕೆ ಸೀಮೆಸುಣ್ಣದ ಪುಡಿ ಬೆರೆಸಿರುತ್ತಾರೆ. ಪುಸ್ತಕಕ್ಕೆ ಅದು ಒಳ್ಳೆಯದು, ನೀಲಿಗೆ ವಿಷ. ಅದನ್ನು ಹೊದಿಕೆಗೆ ಇಟ್ಟುಕೊಂಡು, ಒಳಪುಟಗಳಿಗೆ ಸುಣ್ಣವಿಲ್ಲದ ಹತ್ತಿ ಕಾಗದವನ್ನೇ ಕೇಳಿ ತರಿಸಬೇಕಾಯಿತು. ಇನ್ನೊಂದು: ತೊಳೆದು ಒಣಗಿಸಿದಾಗ 28 ಸೆಂ.ಮೀ. ಉದ್ದದ ಹಾಳೆ 3 ಮಿ.ಮೀ. ಕುಗ್ಗಿತು, ಅದೂ ಒಂದೊಂದು ಹಾಳೆ ಒಂದೊಂದು ಥರ. ಬಳಿಯುವ ಮೊದಲೇ ಎಲ್ಲ ಹಾಳೆಗಳನ್ನೂ ಬಿಸಿನೀರಿನಲ್ಲಿ ನೆನೆಸಿ, ಹಗ್ಗಕ್ಕೆ ಹಾಕಿ, ಕುಗ್ಗುವುದೆಲ್ಲ ಕುಗ್ಗಿಸಿಬಿಟ್ಟೆ. ನೆನೆದ ಕಾಗದ ದ್ರಾವಣವನ್ನು ಹೀರಿಕೊಳ್ಳದಂತೆ ಗಂಜಿ ಕೊಡಬೇಕು. ಜೆಲಾಟಿನ್ ಹಾಕಿ ಅಂತ ಎಲ್ಲರೂ ಬರೆದಿರುತ್ತಾರೆ. ಮೂಳೆ ಚರ್ಮದ ಅಂಟನ್ನು ಅಕ್ಕನ ಪುಸ್ತಕಕ್ಕೆ ಹಾಕಲು ಮನಸ್ಸು ಬರಲಿಲ್ಲ. ಆರಾರೂಟ್ ಗಂಜಿ ತೆಳ್ಳಗೆ ಕಾಯಿಸಿ ಬಳಿದೆ. ಏನೂ ಕಡಿಮೆಯಾಗಲಿಲ್ಲ.

ಈ ಕುಗ್ಗುವಿಕೆಯೇ ಪುಸ್ತಕದ ರೂಪವನ್ನು ಬದಲಾಯಿಸಿತು. ಮೊದಲಿನ ಲೆಕ್ಕದಲ್ಲಿ ಎಡಪುಟದಲ್ಲಿ ಚಿತ್ರ, ಬಲಪುಟದಲ್ಲಿ ವಚನ, ಚಿತ್ರದ ಮೇಲಂಚಿಗೂ ಮೊದಲ ಸಾಲಿಗೂ ಒಂದೇ ಮಟ್ಟ. ಪ್ರಯೋಗಕ್ಕೆ ಮಾಡಿದ ಆರು ಹಾಳೆಯಲ್ಲಿ ಒಂದರಲ್ಲೂ ಮಟ್ಟ ಕೂಡಲಿಲ್ಲ. ಬೇಸತ್ತು ಮಡಿಸಿದ ಹಾಳೆಯ ಮೊದಲ ಪುಟದಲ್ಲಿ ವಚನ, ಮೂರನೆಯದರಲ್ಲಿ ಚಿತ್ರ ಇಟ್ಟೆ. ನಡುವಿನದು ಖಾಲಿ. ವಚನ ಓದಿ ಪುಟ ತಿರುಗಿಸಿದರೆ ಬಿಳಿಯ ಎದುರಿಗೆ ಚಿತ್ರ ಒಂದೇ. ಎದುರುಬದುರು ಇದ್ದಾಗ ಕಣ್ಣು ಅಲ್ಲಿಂದ ಇಲ್ಲಿಗೆ ಓಡಾಡಿ ಇದು ಅದರ ಚಿತ್ರವೋ ಅಂತ ತಾಳೆ ನೋಡುತ್ತಿತ್ತು. ಈಗ ವಚನವನ್ನು ಬಾಯಲ್ಲಿಟ್ಟುಕೊಂಡು ಚಿತ್ರಕ್ಕೆ ಹೋಗಬೇಕು. ಮೊಳೆಯ ಒತ್ತು ಚಿತ್ರದ ಬೆನ್ನಿಗೆ ಬೀಳುವ ಭಯವೂ ತಪ್ಪಿತು.

ಚಿತ್ರಗಳನ್ನು ಆರಿಸುವುದರಲ್ಲಿ ಹೆಚ್ಚು ದಿನ ಹೋಯಿತು. ಶ್ರೀಶೈಲಕ್ಕೂ ಹೋಗಿದ್ದೆ, ಶಿಕಾರಿಪುರದ ಹತ್ತಿರದ ಉಡುತಡಿಗೂ ಹೋಗಿದ್ದೆ. ಬೆಟ್ಟ, ಗುಹೆ, ಪಾಳು ಗುಡಿ ಎಲ್ಲ ತೆಗೆದೆ. ಚೆನ್ನಾಗಿಯೇ ಇದ್ದವು, ಕ್ಯಾಲೆಂಡರಿನ ಹಾಗೆ. "ಬೆಟ್ಟದ ಮೇಲೊಂದು ಮನೆಯ ಮಾಡಿ" ಅನ್ನುವುದರ ಪಕ್ಕ ಬೆಟ್ಟದ ಮೇಲಿನ ಮನೆ ಇಟ್ಟರೆ ಓದುಗನಿಗೆ ಉಳಿಯುವುದೇನು? ಆ ವಚನಕ್ಕೆ ನಾನು ಇಟ್ಟದ್ದು ಸಂತೆಯ ಮಾರನೇ ದಿನದ ಬಯಲು. ಡೇರೆಯ ಗೂಟ ಕಿತ್ತ ತೂತುಗಳು, ಒಂದು ಎಲೆಕೋಸಿನ ಸಿಪ್ಪೆ. ಶಬ್ದ ಮುಗಿದ ಮೇಲಿನ ಜಾಗ.

ನನಗೆ ಎಲ್ಲಕ್ಕಿಂತ ಹಿಡಿಸಿದ ಜೋಡಿ "ತೆರಣಿಯ ಹುಳು". ತನ್ನ ನೂಲು ತನ್ನನ್ನೇ ಸುತ್ತಿ ಸುತ್ತಿ ಸಾಯುವ ಹುಳು. ರಾಮನಗರದ ಗೂಡು ಮಾರುಕಟ್ಟೆಯಲ್ಲಿ ಒಂದು ಬೆಳಿಗ್ಗೆ ಪೂರ್ತಿ ತೆಗೆದ ಫೋಟೋಗಳು ಯಾವುವೂ ನಿಲ್ಲಲಿಲ್ಲ. ಬಿಳಿ ಗೂಡಿನ ರಾಶಿ ನೋಡಲು ಚೆಂದ, ವಚನದಲ್ಲಿ ಚೆಂದದ ಮಾತೇ ಇಲ್ಲ. ವಾಪಸು ಬರುವಾಗ ಒಂದು ಹಳ್ಳಿಯಲ್ಲಿ ರೇಷ್ಮೆ ಮನೆಯ ಗೋಡೆಗೆ ಒರಗಿಸಿದ ಖಾಲಿ ಚಂದ್ರಿಕೆ ಕಂಡಿತು, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ. ಬಿದಿರಿನ ಪಟ್ಟಿ ಹೊರಗಿನಿಂದ ಒಳಕ್ಕೆ ಸುತ್ತಿ ಸುತ್ತಿ ನಡುವಿಗೆ ಹೋಗಿ ನಿಂತಿದೆ. ಅಲ್ಲಲ್ಲಿ ಬಿಡಿಸದೆ ಉಳಿದ ನೂಲಿನ ಎಳೆ. ಹುಳು ಇಲ್ಲ. ಹುಳುವಿಗಾಗಿ ಮನುಷ್ಯರು ಮಾಡಿಟ್ಟ ಸುತ್ತು. ನೀಲಿಯಲ್ಲಿ ತೆಗೆದಾಗ ಬಿದಿರಿನ ಅಂಚು ಮಾತ್ರ ಬೆಳ್ಳಗೆ ಉಳಿದು ಉಳಿದದ್ದೆಲ್ಲ ರಾತ್ರಿಯಾಯಿತು.

ಬಿಸಿಲಿನ ಲೆಕ್ಕ: ಫೆಬ್ರವರಿಯಲ್ಲಿ ಹತ್ತರಿಂದ ಎರಡರ ತನಕ, ಒಂದೊಂದಕ್ಕೆ 12 ನಿಮಿಷ. ಫ್ರೇಮಿಗೆ ಹಾಕುವುದು ತೆಗೆಯುವುದು ಸೇರಿ ಕಾಲು ಗಂಟೆ. ಎರಡು ಫ್ರೇಮಿನಲ್ಲಿ ದಿನಕ್ಕೆ 32 ಹಾಳೆ. ಹಾಳಾಗುವುದನ್ನೂ ಲೆಕ್ಕ ಹಾಕಿ ಚಿತ್ರಕ್ಕೆ 38 ಬೇಕು. ಮೋಡ ಬಂದ ದಿನ ಬಿಟ್ಟು ಹದಿನೈದು ದಿನ ತಾರಸಿಯ ಮೇಲೆ. ಸರಿಬಂದ ಒಂದು ಪ್ರಿಂಟನ್ನು ಗೋಡೆಗೆ ಸಿಕ್ಕಿಸಿ ಉಳಿದವನ್ನು ಅದರ ಪಕ್ಕ ಹಿಡಿದು ನೋಡುತ್ತಿದ್ದೆ. ಒದ್ದೆಯಲ್ಲಿ ನೋಡಿ ತೀರ್ಮಾನ ಮಾಡಬಾರದು. ನೀಲಿ ಗಾಳಿಗೆ ಆಡುತ್ತ ಒಂದು ದಿನ ಗಟ್ಟಿಯಾಗುತ್ತ ಹೋಗುತ್ತದೆ. ಅವಸರವಿದ್ದರೆ ತೆಳ್ಳಗಿನ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿದರೆ ಅದೇ ಬಣ್ಣ ತಕ್ಷಣ ಬರುತ್ತದೆ.

ನೀಲಿ ಮುಗಿದ ಮೇಲೆ ಅಚ್ಚು. ತಾತನಿಗೂ ನನಗೂ ಜಗಳವಾದದ್ದು ಇಲ್ಲೇ. ಕೈಯಲ್ಲಿ ಸವರಿದರೆ ಅಕ್ಷರ ಹಳ್ಳವಾಗಿ ಸಿಗಬೇಕು, ಈಗ ಲೆಟರ್‌ಪ್ರೆಸ್ ಅಂದರೆ ಜನ ಅದನ್ನೇ ಕೇಳುವುದು ಅಂದೆ. ಯಂತ್ರದಲ್ಲಿ ಹಾಳೆ ಕೂರುವ ತಟ್ಟೆಯ ಮೇಲೆ, ಹಾಳೆಯ ಹಿಂದೆ ಕಾಗದ ತುಂಬಿಸಿ ಒತ್ತಡ ಹೆಚ್ಚು ಮಾಡಿದೆ. ತಾತ ನೋಡಿ ಮುಖ ಹುಳ್ಳಗೆ ಮಾಡಿದರು. "ನಮ್ ಕಾಲದಲ್ಲಿ ಹಿಂಗೆ ಒತ್ತಿದ್ರೆ ಮಾಲೀಕ್ರು ಕೂಲಿ ಹಿಡೀತಿದ್ರು. ಹಾಳೆ ಬೆನ್ನು ಸವರಿದ್ರೆ ಗೊತ್ತೇ ಆಗ್ಬಾರ್ದು ಕಣಮ್ಮ, ಮಸಿ ಮುಟ್ಟಿ ಬರ್ಬೇಕು ಅಷ್ಟೇ." ಫ.ಗು. ಹಳಕಟ್ಟಿಯವರು ವಚನಗಳನ್ನು ಪ್ರಕಟಿಸಲು ಮನೆ ಮಾರಿ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದ ಕಥೆ ಹೇಳಿ, ಆ ಪುಸ್ತಕಗಳಲ್ಲಿ ಹಳ್ಳ ಇತ್ತೇನು ಅಂತ ಕೇಳಿದರು. ನಾನು ಕೇಳಲಿಲ್ಲ. ಮೊದಲ ಮೂರು ವಚನ ನನ್ನ ಹಟದಲ್ಲೇ ಅಚ್ಚಾದವು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಎದುರುಪುಟದ ಬಿಳಿ ಉಬ್ಬು ಉಬ್ಬಾಗಿ ಕಾಣುವುದು ನನಗೇ ಕಿರಿಕಿರಿಯಾಗಿ, ತುಂಬಿದ ಕಾಗದವನ್ನು ಒಂದೊಂದಾಗಿ ಕಿತ್ತೆ. ತಾತ ಏನೂ ಅನ್ನಲಿಲ್ಲ.

ಹೊದಿಕೆಗೆ ಗುಳೇದಗುಡ್ಡದ ಖಣ ತಂದಿಟ್ಟಿದ್ದೆ. ಅಂಚು ಮಡಿಸಿ ರಟ್ಟಿನ ಮೇಲಿಟ್ಟು ನೋಡಿದಾಗ ಅಮ್ಮ ಬಾಗಿಲಲ್ಲಿ ನಿಂತು, "ಉಟ್ಟಿದ್ದನ್ನೇ ಬಿಟ್ಟು ಹೋದವಳಿಗೆ ಕುಪ್ಪಸ ಹೊಲಿಸ್ತಿದೀಯೇನೇ?" ಅಂದರು. ಖಣ ಅವರ ಬೀರುವಿಗೆ ಹೋಯಿತು. ಬರೀ ರಟ್ಟು, ಅದರ ಮೇಲೆ ಆ ಸುಣ್ಣದ ಕೈಕಾಗದ, ಬೆನ್ನಿಗೆ ಏನೂ ಇಲ್ಲ, ಹೊಲಿಗೆ ಹಾಗೇ ಕಾಣುತ್ತದೆ. ಶೀರ್ಷಿಕೆ ಮತ್ತು ಕೊನೆಯ ಅಚ್ಚುವಿವರ ಸೇರಿ ಹದಿನಾಲ್ಕು ಮಡಿಕೆ, ಲಿನೆನ್ ದಾರ, ಚಿತ್ರದ ಹತ್ತಿರ ಎಲ್ಲೂ ಅಂಟು ಇಲ್ಲ. ಬೆನ್ನು ತೆರೆದಿರುವುದರಿಂದ ಪುಸ್ತಕ ಮೇಜಿನ ಮೇಲೆ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಗೋಡೆಗೆ ಹಾಕಿ ಬಿಸಿಲಿಗೊಡ್ಡಬೇಡಿ ಅಂತ ಅಚ್ಚುವಿವರದಲ್ಲಿ ಹಾಕಿದ್ದೇನೆ. ಬೆಳಕಿಗೆ ಮಾಸಿದ ನೀಲಿ ಕತ್ತಲೆಯಲ್ಲಿ ಸ್ವಲ್ಪ ದಿನ ಮುಚ್ಚಿಟ್ಟರೆ ಬಹುಮಟ್ಟಿಗೆ ತಿರುಗಿ ಬರುತ್ತದೆ. ಪುಸ್ತಕಕ್ಕೆ ಇದಕ್ಕಿಂತ ಹೊಂದುವ ಬಣ್ಣ ಇಲ್ಲ.

ಮೊದಲ ಪ್ರತಿಯನ್ನು ತಾತನಿಗೆ ಕೊಟ್ಟೆ. ಚಿತ್ರಗಳ ಕಡೆ ಹೆಚ್ಚು ಹೊತ್ತು ನೋಡಲಿಲ್ಲ. ಪುಟ ತಿರುವಿ ವಚನದ ಬೆನ್ನನ್ನೇ ಸವರುತ್ತ ಹೋದರು. ಆಮೇಲೆ ಭೂತಗನ್ನಡಿ ತೆಗೆದು ಒಂದನೇ ವಚನದ ಅಂಕಿತ, ಹನ್ನೆರಡನೆಯದರ ಅಂಕಿತ ತೋರಿಸಿದರು. ಮೊದಲನೆಯದರಲ್ಲಿ ಅರ್ಕಾವತ್ತಿನ ಬಾಲ ಸಣ್ಣಗೆ, ಚೂಪಾಗಿದೆ. ಕೊನೆಯದರಲ್ಲಿ ಅದರ ತುದಿ ಚಪ್ಪಟೆ, ಮಸಿ ಅಲ್ಲಿ ದಪ್ಪಗೆ ನಿಂತಿದೆ. ಹಿಂದಕ್ಕೆ ಹಿಂದಕ್ಕೆ ಹೋದೆ. ನಾಲ್ಕನೆಯದರಿಂದಲೇ ಹಾಗೆ.

"ತಾತ, ಆಗಲೇ ಹೇಳ್ಬಾರ್ದಿತ್ತಾ? ಕೇಸಲ್ಲಿ ಇನ್ನೂ ಅರ್ಕಾವತ್ತು ಇದ್ವಲ್ಲ."

"ನಾಲ್ಕನೇದ್ರಲ್ಲೇ ನೋಡ್ದೆ. ನೀನು ಕಾಗ್ದ ಕೀಳ್ತಾ ಇದ್ದೆ, ಸುಮ್ನಾದೆ."

ಮೂವತ್ತೂ ಹೊಲಿದಾಗಿತ್ತು. ಆ ಸಂಜೆ ದಾರ ಬಿಚ್ಚಿ ಒಂಬತ್ತು ಮೊಳೆಗಳನ್ನು ಕೇಸಿಗೆ ಹಾಕಿದೆವು, ಚೆ ಚೆಗೆ, ಜು ಜುವಿಗೆ. ಅರ್ಕಾವತ್ತನ್ನು ತಾತ ಬೆಳಕಿಗೆ ಹಿಡಿದು ನೋಡಿ, ಮುರುಕು ಮೊಳೆಗಳ ಡಬ್ಬಕ್ಕೆ ಹಾಕಿದರು.